ಹಳದಿ ಹಾಳೆ

ಆ ಮನೆಯಲ್ಲಿ ಕುರ್ಚಿಗೂ ನಂಬರ್ ಇತ್ತು, ಮೇಜಿಗೂ ಇತ್ತು, ಬಚ್ಚಲಿನ ಕನ್ನಡಿಗೂ ಇತ್ತು. ಸರ್ಕಾರದ ಬಂಗಲೆ. ಹಿತ್ತಾಳೆಯ ಪುಟ್ಟ ಬಿಲ್ಲೆ ಹೊಡೆಯದೆ ಒಂದು ಸ್ಟೂಲನ್ನೂ ಅಲ್ಲಿ ಇಟ್ಟಿರಲಿಲ್ಲ. ವಿದೇಶಾಂಗ ಮಂತ್ರಿಗಳ ಕುಟುಂಬ ಬಂದಿಳಿದ ದಿನ ಅಜ್ಜಿ ತನ್ನ ಮಂಚದ ಕಾಲಿಗಿದ್ದ ಬಿಲ್ಲೆಯನ್ನು ಮೊಮ್ಮಗಳಿಂದ ಓದಿಸಿ, "ನೂರಾ ಹದಿನೇಳಾ? ನಂಗಿನ್ನೂ ಎಂಬತ್ಮೂರು. ಅಲ್ಲೀತನಕ ಇಲ್ಲೇ ಇರಿಸ್ತಾರಾ?" ಅಂದಿದ್ದಳು. ನಾಲ್ಕು ವರ್ಷ ಕಳೆದು ಅವಳಿಗೆ ಎಂಬತ್ತೇಳಾಗಿತ್ತು. ಇನ್ನೂ ಅಲ್ಲೇ ಇದ್ದರು.

ನಂಬರಿಲ್ಲದ ವಸ್ತುಗಳು ಕೆಲವೇ. ಅವುಗಳಲ್ಲಿ ಒಂದು ಹಳದಿ ಹಾಳೆಗಳ ಕಟ್ಟು.

ಅದು ಅಪ್ಪ ವಕೀಲರಾಗಿದ್ದ ಕಾಲದ ರೂಢಿ. ಒಂದು ಕೇಸು ಕೈಗೆ ಬಂದರೆ ತಮ್ಮ ಕಕ್ಷಿಗಾರನ ವಾದ ಬರೆಯುವ ಮೊದಲು ಎದುರಾಳಿಯ ವಾದವನ್ನು ಹಳದಿ ಹಾಳೆಯ ಮೇಲೆ ಬರೆಯಬೇಕು. ಕಾಟಾಚಾರಕ್ಕಲ್ಲ, ಎದುರಾಳಿ ತಾನೇ ಬರೆದುಕೊಂಡರೂ ಅಷ್ಟು ಚೆನ್ನಾಗಿ ಬರೆಯಲಾರ ಎನ್ನುವ ಹಾಗೆ. ಅವನಿಗೆ ಗೊತ್ತಿಲ್ಲದ, ನಮಗೆ ಮಾತ್ರ ಗೊತ್ತಿರುವ ಸಂಗತಿಯನ್ನೂ ಮುಚ್ಚಿಡದೆ ಬರೆಯಬೇಕು. ಹಳದಿಯ ಮೇಲೆ ಸುಳ್ಳು ಕೂಡದು. ಆಮೇಲೆ ಬಿಳಿ ಹಾಳೆ ತೆಗೆದುಕೊಂಡು ಅದನ್ನು ಮುರಿಯಬೇಕು. ಮನೆಯಲ್ಲೂ ಇದೇ ಕಾನೂನು. ಕಾಲೇಜಿನಲ್ಲಿದ್ದಾಗ ಮಗಳಿಗೆ ಗೆಳತಿಯರ ಜೊತೆ ಪ್ರವಾಸಕ್ಕೆ ಹೋಗಬೇಕಾದರೆ, ಯಾಕೆ ಹೋಗಬಾರದು ಎಂದು ಮೊದಲು ಹಳದಿಯ ಮೇಲೆ ಬರೆದು ತೋರಿಸಬೇಕಿತ್ತು. ಎಷ್ಟೋ ಸಲ ಬರೆದು ಮುಗಿಸುವಷ್ಟರಲ್ಲಿ ಅವಳಿಗೇ ಹೋಗುವುದು ಬೇಡವಾಗುತ್ತಿತ್ತು. ಅಪ್ಪ 'ಬೇಡ' ಅನ್ನದೆಯೇ ಗೆದ್ದುಬಿಡುತ್ತಿದ್ದರು.

ಅಪ್ಪ ಹುಟ್ಟಾ ಮಂತ್ರಿಯಲ್ಲ. ಬಂದರಿನ ಹಿಂದುಗಡೆ ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಿ ವಕೀಲಿ ಶುರುಮಾಡಿದವರು. ಆ ಕೋಣೆಯಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಯಾರದೋ ತಪ್ಪಿಗೆ ಜೈಲಿನಲ್ಲಿ ಕೊಳೆಯುತ್ತಿದ್ದ ಒಬ್ಬ ಪರದೇಶಿ ನಾವಿಕನನ್ನು ಹನ್ನೊಂದೇ ದಿನದಲ್ಲಿ ಬಿಡಿಸಿಕೊಂಡು ಬಂದಾಗ ಹೆಸರು ಬಂತು. ಗಡಿ ವಿವಾದದ ನಿಯೋಗಕ್ಕೆ ಕಾನೂನು ಸಲಹೆಗಾರ ಬೇಕೆಂದು ಎರಡು ತಿಂಗಳಿಗೆ ಕರೆದರು. ಎರಡು ತಿಂಗಳು ಆರು ವರ್ಷವಾಯಿತು. ಆಮೇಲೆ ಒಂದು ಚಳಿದೇಶಕ್ಕೆ ರಾಯಭಾರಿ, ಅಲ್ಲಿಂದ ಒಂದು ಬಿಸಿಲುದೇಶಕ್ಕೆ. ಸರ್ಕಾರ ಬಿದ್ದು ಇನ್ನೊಂದು ಎದ್ದಾಗ ಕೈ ಕೊಳೆಯಾಗದ ಮನುಷ್ಯ ಒಬ್ಬ ಬೇಕಿತ್ತು, ಇವರನ್ನು ಮಂತ್ರಿ ಮಾಡಿದರು. ಅಜ್ಜಿ ಈ ಇಡೀ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು: "ಮೊದಲು ಒಬ್ಬೊಬ್ಬರ ಪರ ಮಾತಾಡ್ತಿದ್ದ, ಆಮೇಲೆ ದೇಶದ ಪರ ಮಾತಾಡ್ದ, ಈಗ ಮಾತೇ ಆಡಲ್ಲ."

ಅವಳು ಮಗನನ್ನು ಇವತ್ತಿಗೂ 'ವಕೀಲ' ಎಂದೇ ಕರೆಯುತ್ತಿದ್ದಳು. ಅಪ್ಪ ಮಗಳನ್ನು 'ಜೂನಿಯರ್' ಎನ್ನುತ್ತಿದ್ದರು. ಕಾನೂನು ಓದಿ ಅವರ ಕೈಕೆಳಗೆ ಕೆಲಸಕ್ಕೆ ನಿಂತ ದಿನದಿಂದ ಆ ಹೆಸರು ಅಂಟಿಕೊಂಡಿತ್ತು. ಮೂವತ್ತಾರಾದರೂ ಬಿಟ್ಟಿರಲಿಲ್ಲ. ಅಪ್ಪ ದೇಶ ಸುತ್ತುವಾಗ ಹಳೆಯ ಕಚೇರಿಯನ್ನು ನಡೆಸಿಕೊಂಡು ಬಂದವಳು ಅವಳೇ. ಅಪ್ಪ ಮಂತ್ರಿಯಾದ ಮೇಲೆ ಬರುವ ಕಕ್ಷಿಗಾರರೆಲ್ಲ ಕೇಸು ಬಿಟ್ಟು ಬೇರೇನನ್ನೋ ಕೇಳತೊಡಗಿದರು. ಒಬ್ಬ ತನ್ನ ಬೇಲಿ ತಕರಾರಿಗೆಂದು ಬಂದು, ಕೊನೆಗೆ ಅಳಿಯನಿಗೆ ರಾಯಭಾರ ಕಚೇರಿಯಲ್ಲಿ ಕೆಲಸ ಕೇಳಿದ. ಅವಳು ಬೋರ್ಡು ಇಳಿಸಿದಳು. ಹಳೆಯ ಮನೆಯನ್ನು ಒಂದು ವಿಮಾ ಕಂಪನಿಗೆ ಬಾಡಿಗೆಗೆ ಕೊಟ್ಟರು. ಅಂದಿನಿಂದ ಅವಳ ಕಚೇರಿ ಎಂದರೆ ಬಂಗಲೆಯ ಅಡುಗೆಮನೆಯ ಮೂಲೆಯಲ್ಲಿದ್ದ ಮೇಜು, ನಂಬರ್ ಮುನ್ನೂರಾ ನಾಲ್ಕು. ಗೇಟಿನಲ್ಲಿ ಕಾವಲಿನವನ ರಿಜಿಸ್ಟರಿನಲ್ಲಿ ಹೆಸರು ಬರೆಸದೆ ನೊಣವೂ ಒಳಗೆ ಬರುವಂತಿರಲಿಲ್ಲ. ಆ ರಿಜಿಸ್ಟರು ದಿನಾ ಸಂಜೆ ಅಪ್ಪನ ಆಪ್ತ ಕಾರ್ಯದರ್ಶಿಯ ಕೈಗೆ ಹೋಗುತ್ತಿತ್ತು.

ಹೀಗಿರುವಾಗ ಒಬ್ಬ ದರ್ಜಿಯಮ್ಮ ಅವಳಿಗೆ ಹೇಳಿಕಳಿಸಿದಳು.

ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸು. ಗಂಡ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಗಾರ. ಹಡಗಿನ ಮಾಲೀಕ ಬಂದರಿನ ಬಾಕಿ ಉಳಿಸಿ ತಲೆಮರೆಸಿಕೊಂಡಿದ್ದ. ಪರದೇಶದ ಬಂದರಿನವರು ಹಡಗನ್ನು ಹಿಡಿದಿಟ್ಟುಕೊಂಡು, ಅದರ ಜೊತೆ ಅದರಲ್ಲಿದ್ದವರನ್ನೂ ಹಿಡಿದಿಟ್ಟುಕೊಂಡಿದ್ದರು. ಹತ್ತು ಜನರಿದ್ದರು. ಅಡುಗೆಯವನಿಗೆ ಕಾಯಿಲೆಯಾಗಿ ಮೂರನೇ ತಿಂಗಳಲ್ಲಿ ಅವನೊಬ್ಬನನ್ನು ಕಳಿಸಿಕೊಟ್ಟರು. ಉಳಿದ ಒಂಬತ್ತು ಮಂದಿ ಹದಿನಾಲ್ಕು ತಿಂಗಳಿಂದ ಆ ಹಡಗಿನ ಮೇಲೇ ಇದ್ದರು. ದಡ ಕಣ್ಣಿಗೆ ಕಾಣುತ್ತದೆ, ಇಳಿಯುವ ಹಾಗಿಲ್ಲ. ಮಂತ್ರಾಲಯಕ್ಕೆ ಬರೆದ ಪತ್ರಕ್ಕೆಲ್ಲ ಒಂದೇ ಉತ್ತರ: ಮಾತುಕತೆ ನಡೆಯುತ್ತಿದೆ.

"ಮೂರು ಜನ ವಕೀಲರ ಹತ್ರ ಹೋದೆ," ಅಂದಳು ದರ್ಜಿಯಮ್ಮ, ಹೊಲಿಗೆ ಯಂತ್ರ ನಿಲ್ಲಿಸದೆ. ಬಂಗಲೆಯ ರಿಜಿಸ್ಟರು ಬೇಡವೆಂದು ಜೂನಿಯರ್ ತಾನೇ ಅವಳ ಅಂಗಡಿಗೆ ಹೋಗಿದ್ದಳು. "ಮೂವರೂ ಮಂತ್ರಿ ಹೆಸರು ಕೇಳಿ ಕೈ ತೊಳ್ಕೊಂಡ್ರು."

"ನಾನು ಆ ಮಂತ್ರಿ ಮಗಳು. ಗೊತ್ತು ತಾನೆ?"

"ಗೊತ್ತಿದ್ದೇ ಕೇಳ್ದೆ. ಅವರಿಗೆ ಹೆದರದೇ ಇರೋರು ಊರಲ್ಲಿ ನೀವೊಬ್ಬರೇ ಇರ್ಬೇಕು ಅಂದ್ಕೊಂಡೆ."

ಜೂನಿಯರ್ ನಕ್ಕಳು. ಎರಡು ವರ್ಷದ ಮೇಲೆ ಯಾರೋ ಅವಳನ್ನು ಅವಳ ಕೆಲಸಕ್ಕಾಗಿ ಕೇಳಿದ್ದರು. ಮಂತ್ರಾಲಯ ಈ ಒಂಬತ್ತು ಮಂದಿಗಾಗಿ ಇಲ್ಲಿಯವರೆಗೆ ಏನು ಮಾಡಿದೆ ಎಂದು ನ್ಯಾಯಾಲಯದ ಮುಂದೆ ಬಿಚ್ಚಿಡಲಿ, ಇಷ್ಟೇ ಅರ್ಜಿ. ಅಲ್ಲೇ ಗುಂಡಿಗಳ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡಳು.

ರಾತ್ರಿ ಎಂಟಕ್ಕೆ ಊಟ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಅಜ್ಜಿ, ನಡುವೆ ಜೂನಿಯರ್. ಅಮ್ಮ ಕೂರುತ್ತಿರಲಿಲ್ಲ. ಕೆಲಸದವರಿದ್ದರೂ ಮನೆಯವರಿಗೆ ಬಡಿಸುವುದು ತಾನೇ ಎಂದು ಮೂವತ್ತೆಂಟು ವರ್ಷದಿಂದ ಹಟ ಹಿಡಿದಿದ್ದಳು.

"ನಾಳೆ ಒಂದು ಅರ್ಜಿ ಹಾಕ್ತಿದೀನಿ," ಅಂದಳು ಜೂನಿಯರ್.

"ಒಳ್ಳೇದು," ಅಂದರು ಅಪ್ಪ. "ಯಾರ ಮೇಲೆ?"

"ನಿಮ್ಮ ಮೇಲೆ."

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. "ಊಟ ಮಾಡಿ ಹಾಕು," ಅಂದು ಸಾವರಿಸಿಕೊಂಡು ಸೂಪು ಬಡಿಸಿದಳು.

ಹಡಗಿನ ವಿಷಯವೆಂದು ತಿಳಿದ ಮೇಲೆ ಅಪ್ಪ ಎರಡು ಚಮಚ ಸೂಪು ಕುಡಿದರು. "ಬಂದರು ಒಪ್ಪಂದ ಮುಂದಿನ ತಿಂಗಳು ಆಗ್ಬೇಕು. ಅದೇ ದೇಶದ ಜೊತೆ. ಈ ಹೊತ್ತಲ್ಲಿ ಇದು ಸೂಕ್ತವಾ ಅಂತ ಯೋಚಿಸಬಹುದು."

"ಅಂದ್ರೆ ಬೇಡ ಅಂತಾನಾ?"

"ನಾನು ಬೇಡ ಅನ್ನಲ್ಲ."

"ಅನ್ನಿ ಅಪ್ಪ. ಜೀವಮಾನದಲ್ಲಿ ಒಂದು ಸಲ ಬೇಡ ಅನ್ನಿ, ನೋಡೋಣ."

"ಅವನು ಅನ್ನಲ್ಲ," ಅಂದಳು ಅಜ್ಜಿ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ. "ತೊಟ್ಟಿಲಲ್ಲಿ ಹಾಲು ಬೇಡವಾದ್ರೂ ಬಾಯಿ ಮುಚ್ಕೊಂಡು ಮಲಗ್ತಿದ್ದ, ಅತ್ತು ಬೇಡ ಅಂದೋನಲ್ಲ."

"ಬೇರೆ ಯಾರಾದ್ರೂ ನಡೆಸಲಿ ಕಣೇ," ಅಂದಳು ಅಮ್ಮ. "ಒಂದೇ ಮನೆಯೋರು ಎದುರುಬದುರು ನಿಂತ್ರೆ ಪೇಪರಿನೋರಿಗೆ ಹಬ್ಬ."

"ಬೇರೆ ಯಾರೂ ಬರಲ್ಲಮ್ಮ. ಅದೇ ತಾನೆ ತೊಂದರೆ."

ಅಪ್ಪ ಬಾಯಿ ಒರೆಸಿಕೊಂಡು ಎದ್ದರು. ಹೋಗುವ ಮುಂಚೆ ಮಗಳ ತಲೆಯ ಮೇಲೆ ಕೈಯಿಟ್ಟು, "ಹಳದಿ ಬರೆದೆಯಾ?" ಎಂದು ಕೇಳಿದರು. ಇನ್ನೂ ಇಲ್ಲ ಅಂದಳು. "ಮೊದಲು ಅದು," ಅಂದರು. ಅವಳಿಗೆ ಸಿಟ್ಟು ಬಂತು. ಆ ಕೈ ಹಿತವಾಗಿದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅರ್ಜಿ ದಾಖಲಾದ ವಾರದಲ್ಲಿ ಅವಳು ಒಂದು ಬಾಡಿಗೆ ಕೋಣೆಗಾಗಿ ಊರೆಲ್ಲ ಅಲೆದಳು. ಮೊದಲನೆಯ ಮನೆಯಾತ ಅಪ್ಪನ ಹೆಸರು ಕೇಳಿದ್ದೇ, ಬಾಗಿಲಲ್ಲಿ ಬಂದೂಕಿನವರು ನಿಲ್ಲುತ್ತಾರೇನೋ ಎಂದು ಬೆವರಿದ. ಎರಡನೆಯಾಕೆ ಬಾಡಿಗೆಯೇ ಬೇಡ, ಮಗನಿಗೆ ವೀಸಾ ಕೊಡಿಸಿದರೆ ಸಾಕು ಅಂದಳು. ಮೂರನೆಯ ಕೋಣೆ ಚೆನ್ನಾಗಿತ್ತು, ಗಾಳಿ ಬೆಳಕು ಇತ್ತು. ಮುಂಗಡ ಕೊಡುವಷ್ಟರಲ್ಲಿ ಅಮ್ಮ ಫೋನು ಮಾಡಿದಳು: "ಕಾರ್ಯದರ್ಶಿ ಹೇಳ್ತಿದ್ರು, ಕೇಸು ನಡೀವಾಗ ನೀನು ಮನೆ ಬಿಟ್ರೆ ಅಪ್ಪ ಮಗಳು ದೂರ ಆದ್ರು ಅಂತ ಆ ದೇಶದೋರು ಲೆಕ್ಕ ಹಾಕ್ತಾರಂತೆ. ಅಜ್ಜಿಗೆ ಬೇರೆ ಇವತ್ತು ಕಾಲು ಬಾವು ಜಾಸ್ತಿಯಾಗಿದೆ. ಹೆಂಗಾದ್ರೂ ಮಾಡು, ನಾನೇನೂ ಹೇಳಲ್ಲ." ಏನೂ ಹೇಳದೆಯೇ ಎಲ್ಲ ಹೇಳುವ ವಿದ್ಯೆ ಅಮ್ಮನಿಗೂ ಹತ್ತಿತ್ತು. ಜೂನಿಯರ್ ಕೋಣೆಯ ಕಿಟಕಿ ಮುಚ್ಚಿ, ಚಾವಿ ವಾಪಸು ಕೊಟ್ಟು, ಅಜ್ಜಿಯ ಮುಲಾಮು ಕೊಂಡುಕೊಂಡು ಬಂಗಲೆಗೆ ಬಂದಳು.

ಮಾರನೆಯ ದಿನ ಅಡುಗೆಮನೆಯ ಮೇಜಿನಲ್ಲಿ ಕೂತು ಹಳದಿ ಹಾಳೆ ಬರೆದಳು. ಅಪ್ಪನ ಪರವಾಗಿ. ಬರೆಯುತ್ತ ಹೋದಂತೆ ಕೈ ತಾನೇ ಓಡಿತು. ಅಪ್ಪ ಹೇಗೆ ಯೋಚಿಸುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಲೆಯ ಹತ್ತಿರ ಅಡುಗೆಯವಳು ಪಾತ್ರೆಯ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ಇಣುಕುತ್ತಿದ್ದಳು. "ಗಳಿಗೆಗೊಂದು ಸಲ ಮುಚ್ಚಳ ತೆಗೆದ್ರೆ ಯಾವ ಕಾಲಕ್ಕೆ ಬೇಯುತ್ತೆ?" ಎಂದು ಅಮ್ಮ ಗದರಿದಳು. ಜೂನಿಯರ್ ಅದನ್ನೂ ಮೊದಲ ಹಾಳೆಯ ತಲೆಯಲ್ಲಿ ಬರೆದುಕೊಂಡಳು: ಮಾತುಕತೆ ಎಂಬುದು ಒಲೆಯ ಮೇಲಿನ ಪಾತ್ರೆ, ನ್ಯಾಯಾಲಯ ಗಳಿಗೆಗೊಮ್ಮೆ ಮುಚ್ಚಳ ತೆಗೆಸಿದರೆ ಏನೂ ಬೇಯುವುದಿಲ್ಲ. ಭರ್ತಿ ಮೂರು ಹಾಳೆಯಾಯಿತು. ಅಷ್ಟರಲ್ಲಿ ಅಜ್ಜಿ ಕೂಗಿದಳು, ಕಾಲಿಗೆ ಬಿಸಿನೀರು ಬೇಕೆಂದು. ಹಾಳೆಗಳನ್ನು ಕೈಯಲ್ಲಿ ಹಿಡಿದೇ ಎದ್ದವಳು ಹೋಗುವಾಗ ಅವನ್ನು ಊಟದ ಮೇಜಿನ ಮೇಲಿಟ್ಟಳು.

ಬಂದು ನೋಡಿದರೆ ಹಾಳೆಗಳಿಲ್ಲ. ಹುಡುಕಿದಳು. ಎಲ್ಲೋ ಕಸಕ್ಕೆ ಹೋಯಿತೇನೋ ಅಂದುಕೊಂಡಳು. ಬರೆದದ್ದೆಲ್ಲ ತಲೆಯಲ್ಲಿತ್ತು, ಬಿಳಿ ಹಾಳೆಗೆ ಅಷ್ಟು ಸಾಕಾಗಿತ್ತು. ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲ ವಿಚಾರಣೆಯ ದಿನ ದರ್ಜಿಯಮ್ಮ ತಾನೇ ಹೊಲಿದ ಬೂದು ಬಣ್ಣದ ಅಂಗಿ ತೊಟ್ಟು ಬಂದಿದ್ದಳು. ಜೂನಿಯರ್ ಅರ್ಧ ಗಂಟೆ ವಾದ ಮಾಡಿದಳು. ಚೆನ್ನಾಗಿಯೇ ಹೋಯಿತು. ಬಾಯಲ್ಲಿ ಸದಾ ಕೆಮ್ಮಿನ ಮಾತ್ರೆ ಚೀಪುವ ಸರ್ಕಾರಿ ವಕೀಲರು ಎದ್ದು, ಮಾತ್ರೆಯನ್ನು ದವಡೆಗೆ ಸರಿಸಿ, ಕೈಯಲ್ಲಿದ್ದ ಟೈಪು ಮಾಡಿದ ಕಾಗದವನ್ನು ಓದಿಕೊಂಡು ಶುರುಮಾಡಿದರು.

"ಸ್ವಾಮೀ, ಮಾತುಕತೆ ಎಂಬುದು ಒಲೆಯ ಮೇಲಿನ ಪಾತ್ರೆ."

ಜೂನಿಯರ್ ತಲೆಯೆತ್ತಿದಳು. ವಾಕ್ಯದ ಹಿಂದೆ ವಾಕ್ಯ, ಅವಳದೇ. ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದ್ದರು. ತನ್ನ ಅರ್ಜಿಯ ಯಾವ ಮಗ್ಗುಲು ದುರ್ಬಲವೆಂದು ತನಗೆ ಮಾತ್ರ ಗೊತ್ತಿತ್ತೋ ಸರಿಯಾಗಿ ಅಲ್ಲಿಗೇ ಏಟು ಬೀಳುತ್ತಿತ್ತು.

"ಆ ಹತ್ತು ಮಂದಿಯ ಹಿತದೃಷ್ಟಿಯಿಂದಲೇ..." ಅಂದರು ವಕೀಲರು.

ದರ್ಜಿಯಮ್ಮ ಅವಳ ತೋಳು ಹಿಡಿದಳು. "ಒಂಬತ್ತು ಅಲ್ವಾ? ಅಡುಗೆಯೋನು ಬಂದುಬಿಟ್ನಲ್ಲ."

ಹೌದು, ಒಂಬತ್ತು. ಹಳದಿ ಹಾಳೆಯಲ್ಲಿ ಕೈತಪ್ಪಿ ಹತ್ತು ಎಂದು ಬರೆದದ್ದು ಅವಳಿಗೆ ಆಗ ನೆನಪಾಯಿತು. ಅವಳ ತಪ್ಪು ಕೂಡ ಸರ್ಕಾರದ ಪಾಲಾಗಿತ್ತು.

ನ್ಯಾಯಾಧೀಶರು ಎರಡು ವಾರ ಮುಂದೂಡಿದರು. ಅರ್ಜಿದಾರರ ಬಳಿ ಹೊಸ ಸಂಗತಿ ಇಲ್ಲದಿದ್ದರೆ ಅರ್ಜಿ ವಜಾ ಎಂದೂ ಹೇಳಿದರು.

ಆವತ್ತಿನ ಊಟಕ್ಕೆ ಅವಳು ಕೈಕಾಲು ತೊಳೆಯದೆ ಬಂದು ಕೂತಳು. "ನನ್ನ ಹಳದಿ ಹಾಳೆ ಯಾರು ತಗೊಂಡ್ರು?"

"ಯಾವುದು?" ಅಂದಳು ಅಮ್ಮ. "ಊಟದ ಮೇಜಿನ ಮೇಲಿದ್ದದ್ದಾ? ಅದು ಇವರದ್ದಲ್ವಾ? ನಾನೇ ಇವರ ಬ್ಯಾಗಿಗೆ ಹಾಕ್ದೆ."

ಅಮ್ಮನ ತಪ್ಪಲ್ಲ. ಮದುವೆಯಾದಂದಿನಿಂದ ಹಳದಿ ಕಾಗದ ಎಲ್ಲಿ ಬಿದ್ದಿದ್ದರೂ ಆಯ್ದು ಗಂಡನ ಬ್ಯಾಗಿಗೆ ಹಾಕುವುದು ಅವಳಿಗೆ ದೀಪ ಆರಿಸಿದಷ್ಟೇ ಸಹಜ. ಅಕ್ಷರ ನೋಡಿ ತಿಳಿಯುವ ಹಾಗೂ ಇರಲಿಲ್ಲ. ಹದಿನಾರನೇ ವರ್ಷದಿಂದ ಅಪ್ಪನ ಕರಡುಗಳನ್ನು ನಕಲು ಮಾಡಿ ಮಾಡಿ ಜೂನಿಯರ್‌ಳ ಅಕ್ಷರ ಅಪ್ಪನ ಅಕ್ಷರವೇ ಆಗಿಹೋಗಿತ್ತು; ಅದೇ ಬಲಕ್ಕೆ ವಾಲಿದ ಸಾಲು, 'ಆದ್ದರಿಂದ' ಎಂಬುದರ ಕೆಳಗೆ ಅದೇ ಎರಡು ಗೆರೆ. ರಾಯಭಾರಿಯ ಹೊಸವರ್ಷದ ಶುಭಾಶಯಗಳನ್ನು ನೂರುಗಟ್ಟಲೆ ಅವಳೇ ಬರೆಯುತ್ತಿದ್ದಳು, ಪಡೆದವರಿಗೆ ಎಳ್ಳಷ್ಟೂ ಅನುಮಾನ ಬರುತ್ತಿರಲಿಲ್ಲ. ಕಾರ್ಯದರ್ಶಿ ಬ್ಯಾಗಿನಲ್ಲಿ ಹಾಳೆಗಳನ್ನು ಕಂಡು, ಸಾಹೇಬರೇ ಟಿಪ್ಪಣಿ ಬರೆದಿದ್ದಾರೆಂದು ಟೈಪು ಮಾಡಿಸಿ ಸರ್ಕಾರಿ ವಕೀಲರಿಗೆ ಕಳಿಸಿದ್ದ. ಇಂಥ ತಪ್ಪು ಬೇರೆ ಯಾರ ಮನೆಯಲ್ಲೂ ಆಗುವಂಥದ್ದಲ್ಲ.

"ನಿಮಗೆ ಗೊತ್ತಿರಲಿಲ್ವಾ?" ಎಂದು ಅಪ್ಪನನ್ನು ಕೇಳಿದಳು.

"ಕಳಿಸೋಕೆ ಮುಂಚೆ ಸಹಿಗೆ ಬಂತು. ಎರಡನೇ ಸಾಲಲ್ಲೇ ಗೊತ್ತಾಯ್ತು. ಪಾತ್ರೆ ಮುಚ್ಚಳ ಇತ್ತಲ್ಲ, ನಿಮ್ಮಮ್ಮನ ಮಾತು."

"ಗೊತ್ತಾಗಿಯೂ ಸಹಿ ಹಾಕಿದ್ರಾ?"

"ಚೆನ್ನಾಗಿತ್ತು," ಅಂದರು ಅಪ್ಪ. ನಾಚಿಕೆಯಿಲ್ಲದೆ ಅಂದದ್ದಲ್ಲ, ತಟ್ಟೆ ನೋಡಿಕೊಂಡು ಅಂದರು. "ನಮ್ಮ ಕಚೇರೀಲಿ ಅಷ್ಟು ಚೆನ್ನಾಗಿ ಬರೆಯೋರು ಯಾರೂ ಇಲ್ಲ. ನಾನು ಈಗ ವಕೀಲ ಅಲ್ಲ ಜೂನಿಯರ್. ಒಪ್ಪಂದ ಉಳೀಬೇಕು."

"ಒಂಬತ್ತು ಜನ?"

"ಅವರೂ ಬರ್ತಾರೆ."

"ಯಾವಾಗ?"

ಅಪ್ಪ ನೀರಿನ ಲೋಟ ಎತ್ತಿಕೊಂಡರು. ಆಗ ಅಜ್ಜಿ ಮೇಜಿನ ಆ ತುದಿಯಿಂದ ಕೇಳಿದಳು: "ಅಲ್ಲ ಕಣೋ ವಕೀಲ, ಇವಳು ನಿನ್ನ ಪರ ಬರೆದ್ಲು. ನೀನು ಇವಳ ಪರ ಬರೆದ್ಯೋ ಇಲ್ವೋ?"

ಅಪ್ಪ ತಪ್ಪದೆ ಪಾಲಿಸಿಕೊಂಡು ಬಂದ ಒಂದೇ ಒಂದು ವ್ರತವೆಂದರೆ ಅದು. ಎದುರಾಳಿ ಯಾರೇ ಇರಲಿ, ಹಳದಿ ಬರೆಯದೆ ಬಿಡುವವರಲ್ಲ.

"ಬರೆದಿದೀನಿ," ಅಂದರು.

"ಹಾಗಾದ್ರೆ ಕೊಡಿ," ಅಂದಳು ಜೂನಿಯರ್. "ನಂದು ನಿಮಗೆ ಸಿಕ್ತಲ್ಲ. ಲೆಕ್ಕ ಸಮ ಆಗ್ಲಿ."

"ಅದು ಸರ್ಕಾರದ ಗುಟ್ಟು." ಅಪ್ಪ ಕರವಸ್ತ್ರ ಮಡಿಸಿ ಎದ್ದರು. ಆವತ್ತು ಮಗಳ ತಲೆಯ ಮೇಲೆ ಕೈಯಿಡಲಿಲ್ಲ.

ಆಮೇಲಿನ ಹನ್ನೆರಡು ದಿನ ಬಂಗಲೆಯಲ್ಲಿ ಮಾತು ಸೊರಗಿತು. ಉಪ್ಪು ಕೊಡಿ, ನೀರು ಕೊಡಿ, ಇಷ್ಟೇ. ಆ ದೇಶದ ನಿಯೋಗ ಬಂದು ಮಧ್ಯಾಹ್ನದ ಊಟ ಮಾಡಿಹೋಯಿತು. ಅಮ್ಮ ಯಾರು ಎಲ್ಲಿ ಕೂರಬೇಕೆಂದು ಚೀಟಿ ಬರೆದಿಟ್ಟಳು. ಮಂತ್ರಿಯ ಮಗಳು ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದು ಜೂನಿಯರ್ ರೇಷ್ಮೆ ಉಟ್ಟು, ಒಂಬತ್ತು ಮಂದಿಯನ್ನು ಹಿಡಿದಿಟ್ಟಿರುವ ಬಂದರಿನ ಮುಖ್ಯಸ್ಥನ ಪಕ್ಕದಲ್ಲಿ ಕೂತು, ಅವನಿಗೆ ಹಣ್ಣಿನ ತಟ್ಟೆ ದಾಟಿಸಿದಳು. ಅವನು ತನ್ನ ಮೊಮ್ಮಗಳ ಫೋಟೋ ತೋರಿಸಿದ. ಅವಳು ಮುದ್ದಾಗಿದ್ದಾಳೆ ಅಂದಳು. ಮುದ್ದಾಗಿಯೇ ಇದ್ದಳು. ಎದ್ದು ಹೋಗಬೇಕೆನಿಸಿತು, ಆದರೆ ಎಲ್ಲಿಗೆ? ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಆ ಬಾಗಿಲಿಗೂ ಒಂದು ನಂಬರ್ ಇತ್ತು.

ವಿಚಾರಣೆಯ ದಿನ ಬೆಳಿಗ್ಗೆ ಅಮ್ಮ ಊಟದ ಡಬ್ಬಿ ಕಟ್ಟಿ ಅವಳ ಚೀಲಕ್ಕೆ ತಾನೇ ಹಾಕಿದಳು. ಹಾಗೆ ಹಾಕುವುದು ಹೊಸದೇನಲ್ಲ. "ಮಧ್ಯಾಹ್ನದ ತನಕ ಕಾಯ್ಬೇಡ, ಹೋದ ತಕ್ಷಣ ಡಬ್ಬಿ ತೆಗಿ," ಅಂದದ್ದು ಮಾತ್ರ ಹೊಸದು.

ನ್ಯಾಯಾಲಯದ ಪಡಸಾಲೆಯ ಬೆಂಚಿನಲ್ಲಿ ಕೂತು ಚೀಲ ತೆಗೆದಳು. ಡಬ್ಬಿಯ ಕೆಳಗೆ, ಬಟ್ಟೆಯಲ್ಲಿ ಸುತ್ತಿ, ಎರಡು ಹಳದಿ ಹಾಳೆ.

ಅಪ್ಪನೇ ಬರೆದದ್ದು. ಅವಳ ಪರವಾಗಿ, ತಮ್ಮ ವಿರುದ್ಧ. ಇಪ್ಪತ್ತು ವರ್ಷದ ಹಿಂದೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದಿದ್ದರು, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡನೇ ಹಾಳೆಯಲ್ಲಿ ಅವಳಿಗೆ ಗೊತ್ತಿಲ್ಲದ್ದು ಇತ್ತು. ಏಳು ತಿಂಗಳ ಹಿಂದೆಯೇ ಆ ಬಂದರಿನವರು ಬರೆದಿದ್ದರು: ಹಡಗಿನ ಬಾಕಿಗೆ ತಾನು ಹೊಣೆಯೆಂದು ನಿಮ್ಮ ಸರ್ಕಾರ ಒಂದು ಜವಾಬ್ದಾರಿ ಪತ್ರ ಕೊಟ್ಟರೆ ಒಂಬತ್ತು ಮಂದಿಯನ್ನೂ ಕಳಿಸಿಕೊಡುತ್ತೇವೆ. ಅದಕ್ಕೆ ಉತ್ತರ ಹೋಗಿಲ್ಲ. ಈಗ ಕೊಟ್ಟರೆ ಒಪ್ಪಂದದಲ್ಲಿ ನಮ್ಮ ಕೈ ಕೆಳಗಾಗುತ್ತದೆಂದು ಮಂತ್ರಿಗಳು ತಡೆಹಿಡಿದಿದ್ದಾರೆ. ಕೊನೆಯ ಸಾಲು: 'ಆದ್ದರಿಂದ, ಈ ಏಳು ತಿಂಗಳು ಅವರನ್ನು ಹಿಡಿದಿಟ್ಟಿರುವುದು ಆ ದೇಶವಲ್ಲ, ನಾವು.' ಕೆಳಗೆ ಎರಡು ಗೆರೆ.

ಅವಳ ಕಣ್ಣು ತುಂಬಿತು. ಇದನ್ನು ಬರೆಯಬಲ್ಲ ಮನುಷ್ಯ ಅದನ್ನು ಮಾಡಿದನಲ್ಲ ಎಂದು ಸಂಕಟವಾಯಿತು.

"ಒಳ್ಳೇ ಸುದ್ದಿಯಾ?" ಅಂದಳು ಪಕ್ಕದಲ್ಲಿದ್ದ ದರ್ಜಿಯಮ್ಮ. ಅವಳ ಬೆರಳು ಅಂಗಿಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇತ್ತು.

"ಹೌದು," ಅನ್ನಲು ಬಾಯಿ ತೆರೆದವಳು ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಬಲಕ್ಕೆ ವಾಲಿದ ಸಾಲು. ಎರಡು ಗೆರೆ. ಸಹಿಯಿಲ್ಲ, ತಾರೀಖಿಲ್ಲ. ಇದನ್ನು ನ್ಯಾಯಾಧೀಶರ ಮುಂದಿಟ್ಟರೆ ಸರ್ಕಾರಿ ವಕೀಲರು ಮಾತ್ರೆಯನ್ನು ದವಡೆಗೆ ಸರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: ಇದು ಯಾರ ಅಕ್ಷರ? ಅರ್ಜಿಯ ಅಂಚಿನಲ್ಲಿ ಅವಳು ಕೈಯಲ್ಲಿ ಬರೆದ ತಿದ್ದುಪಡಿಗಳು ಅಲ್ಲೇ ಕಡತದಲ್ಲಿವೆ. ಪಕ್ಕದಲ್ಲಿಟ್ಟು ನೋಡಿದರೆ ಯಾವ ತಜ್ಞನಾದರೂ ಇದು ಮಗಳದೇ ಕೈ ಅನ್ನುತ್ತಾನೆ. ಕಳ್ಳ ದಾಖಲೆ ಸೃಷ್ಟಿಸಿದಳೆಂದು ಅವಳ ವಕೀಲಿ ಸನ್ನದೂ ಹೋಗುತ್ತದೆ, ಒಂಬತ್ತು ಮಂದಿಯೂ ಹಡಗಿನಲ್ಲೇ ಉಳಿಯುತ್ತಾರೆ. ಬರೆದವರು ಒಪ್ಪಿಕೊಳ್ಳಬೇಕು, ಇಲ್ಲವೇ ಬರೆದದ್ದನ್ನು ಕಣ್ಣಾರೆ ಕಂಡವರು ಬಂದು ಹೇಳಬೇಕು. ಎರಡೂ ಇಲ್ಲದಿದ್ದರೆ ಅದು ಬರೀ ಹಳದಿ ಕಾಗದ.

ಕೇಸು ಕರೆದಾಗ ಅವಳು ಎದ್ದು ನಿಂತು, ಹೊಸ ಸಂಗತಿ ಇದೆ, ಒಂದು ದಿನ ಬೇಕು ಎಂದಳು. ನ್ಯಾಯಾಧೀಶರು ಗಡಿಯಾರ ನೋಡಿ, "ನಾಳೆ ಹತ್ತೂವರೆ. ಅದೇ ಕೊನೆ," ಅಂದರು.

ರಾತ್ರಿ ಅಪ್ಪ ಊಟಕ್ಕೆ ಬಂದಾಗ ತಟ್ಟೆಯ ಪಕ್ಕ ಎರಡು ಹಳದಿ ಹಾಳೆಗಳಿದ್ದವು, ಅವುಗಳ ಮೇಲೆ ಒಂದು ಪೆನ್ನು.

ಅಪ್ಪ ಕೂತರು. ಮುಟ್ಟಲಿಲ್ಲ. "ಇದು ಎಲ್ಲಿ ಸಿಕ್ತು?"

"ನಾನು ಕೊಟ್ಟೆ," ಅಂದಳು ಅಮ್ಮ, ಸೌಟು ಹಿಡಿದು ಅವರ ಬೆನ್ನ ಹಿಂದೆ ನಿಂತುಕೊಂಡು. "ಹೋದ ಸಲ ಗೊತ್ತಿಲ್ದೆ ಹಾಕ್ದೆ. ಈ ಸಲ ಓದಿಯೇ ಹಾಕ್ದೆ."

ಮೂವತ್ತೆಂಟು ವರ್ಷದಲ್ಲಿ ಅಮ್ಮ ಗಂಡನ ಕಾಗದ ಓದಿದ್ದು ಅದೇ ಮೊದಲು. ಅಪ್ಪ ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಒಂದು ಸಹಿ ಬೇಕು ಅಪ್ಪ," ಅಂದಳು ಜೂನಿಯರ್. "ನಿಮ್ಮ ಅಕ್ಷರ ಅಂತ ಒಪ್ಕೊಂಡ್ರೆ ಸಾಕು. ಅವರು ಹದಿನೈದು ದಿನದಲ್ಲಿ ಮನೇಲಿರ್ತಾರೆ. ನೀವು ಒಬ್ಬನ್ನ ಹನ್ನೊಂದು ದಿನದಲ್ಲಿ ಬಿಡಿಸಿದ್ರಿ."

"ಸಹಿ ಹಾಕಿದ ಗಳಿಗೆ ನಾನು ಮಂತ್ರಿ ಅಲ್ಲ. ಒಪ್ಪಂದ ಹೋಯ್ತು. ನಾಲ್ಕು ವರ್ಷದ ಕೆಲಸ."

"ಹೌದು."

"ಈ ಮನೇನೂ ಹೋಯ್ತು."

"ಹೋಗ್ಲಿ ಬಿಡೋ," ಅಂದಳು ಅಜ್ಜಿ. "ನೂರಾ ಹದಿನೇಳರ ಮೇಲೆ ಮಲಗಿ ಮಲಗಿ ನಂಗೂ ಬೇಜಾರಾಗಿದೆ."

ಅಪ್ಪ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಎತ್ತಿಕೊಂಡರು. ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಹೆಬ್ಬೆರಳು ಆ ಎರಡು ಗೆರೆಗಳ ಮೇಲೆ ಒಂದು ಗಳಿಗೆ ನಿಂತಿತು. ಪೆನ್ನು ತೆಗೆದುಕೊಂಡರು. ಅಪ್ಪ ಬದಲಾಗಿಲ್ಲ, ಅಪ್ಪ ಅಪ್ಪನೇ, ಅನ್ನಿಸಿ ಜೂನಿಯರ್‌ಗೆ ಎದೆ ಹಗುರಾಯಿತು. ಅಪ್ಪ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಗಳನ್ನು ಅಂಚು ಕೂಡಿಸಿ ಮಡಿಸಿ, ಅವಳ ತಟ್ಟೆಯ ಪಕ್ಕಕ್ಕೆ ಸರಿಸಿದರು.

"ಚೆನ್ನಾಗಿ ಬರೆದಿದೀಯ, ಜೂನಿಯರ್," ಅಂದರು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು: ತಾವೇ ಬರೆದದ್ದನ್ನು ಅವಳು ಬರೆದದ್ದೆನ್ನುತ್ತಿದ್ದರು. ಹಳದಿಯ ವಿಷಯದಲ್ಲಿ ಅಪ್ಪ ಹೇಳಿದ ಮೊದಲ ಸುಳ್ಳು ಅದು. ಅಳುವಷ್ಟು ಸಿಟ್ಟು ಬಂತು, ಅಳಲಿಲ್ಲ. ಅಜ್ಜಿ ಮಗನನ್ನೇ ನೋಡುತ್ತಿದ್ದಳು. ಅಪ್ಪ ಚಮಚ ಎತ್ತಿಕೊಂಡು, ಯಾರೂ ಸೂಪು ಬಡಿಸಿಲ್ಲವೆಂದು ಆಗ ನೋಡಿಕೊಂಡು, ಖಾಲಿ ಬಟ್ಟಲಿನ ಮುಂದೆ ಕಾದರು.

ಅಮ್ಮ ಬಡಿಸಲಿಲ್ಲ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಜೂನಿಯರ್‌ಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಮೊದಲನೇ ವಿಚಾರಣೆ ಹಿಂದಿನ ಬುಧವಾರ ಬೆಳಿಗ್ಗೆ ಐದೂವರೆಗೆ, ಈ ಮೇಜಿನಲ್ಲಿ," ಅಂದಳು. "ನಾನು ಕಾಫಿ ತಂದಿಟ್ಟೆ. ಇವರು ಬರೀತಿದ್ರು. ಎರಡನೇ ಹಾಳೆ ಮುಗಿಯೋ ತನಕ ಪಕ್ಕದಲ್ಲೇ ನಿಂತಿದ್ದೆ, ಕಾಫಿ ಆರಿಹೋಯ್ತು."

"ನೀನು ಏನು ಮಾತಾಡ್ತಿದೀಯ ಅಂತ ನಿಂಗೆ ಗೊತ್ತಾ?" ಅಂದರು ಅಪ್ಪ.

ಅಮ್ಮ ಮಗಳ ಕಡೆ ತಿರುಗಿದಳು.

"ನಾಳೆ ಕೋರ್ಟು ಎಷ್ಟೊತ್ತಿಗೆ?"

"ಹತ್ತೂವರೆಗಮ್ಮ."

"ಹಾಗಾದ್ರೆ ನಾಳೆ ಮಧ್ಯಾಹ್ನದ ಊಟಕ್ಕೆ ಯಾರೂ ನನ್ನ ಕಾಯ್ಬೇಡಿ," ಅಂದು ಅಮ್ಮ ತನ್ನ ಬಟ್ಟಲಿಗೆ ತಾನೇ ಸೂಪು ಬಡಿಸಿಕೊಂಡಳು.